ಹಾಸ್ಟೆಲಿಗೆ ಬೀಗ ಬಿದ್ದ ಮೇಲೆ ಮಲಗೋದೆಲ್ಲಿ?



ಪರೀಕ್ಷೆ ಮುಗೀತು. ವಾರ್ಡನ್ನು ಟ್ರಂಕುಗಳನ್ನು ಹೊರಗಿಡಿಸಿ ಹಾಸ್ಟೆಲಿಗೆ ಬೀಗ ಜಡಿದ. ನೀವು ಬಸ್ಸು ಹತ್ತಿ ಊರಿಗೆ ಬಂದಿರಿ. ಅಪ್ಪ ಅವ್ವ ಗುಳೆ ಹೋಗ್ಯಾರ. ಇರೋ ಒಂದೇ ಕೋಣೆಯಲ್ಲಿ ಅಣ್ಣ, ಅತ್ತಿಗೆ, ಅವರ ಎರಡು ಕೂಸು. ಬಾಗಿಲ ಹೊಸ್ತಿಲಿಗೆ ತಲೆಯಿಟ್ಟು ಅಜ್ಜಿ. ನೀವು ಮಲಗೋದೆಲ್ಲಿ? ಶಾಲೆ ಕಟ್ಟೆ ಮೇಲೆ. ಇಲ್ಲಾಂದರೆ ಕಾಲುವೆ ಏರಿ ಮೇಲೆ. ಅಂಬೇಡ್ಕರ್ ಭವನದ ಗೇಟು ತೆರೆದಿದ್ದರೆ ಅದರ ಪಡಸಾಲೆಯಲ್ಲಿ. ಗುಡಿ ಕಟ್ಟೆ ಮಾತು ಬೇಡ, ಅಲ್ಲಿ ನಾವು ಮಲಗಿದರೆ ಬೆಳಿಗ್ಗೆ ಪಂಚಾಯಿತಿ ಸೇರುತ್ತದೆ, ಮನೆ ಕೊಡೋದಕ್ಕಲ್ಲ.

ಇಷ್ಟಾದರೂ ನಮ್ಮನ್ನು ಯಾರಾದರೂ 'ಮನೆಯಿಲ್ಲದವರು' ಅಂದರೆ ಸಿಟ್ಟು ಬರುತ್ತೆ. ಮನಿ ಐತಿ, ಜಾಗ ಸಾಲಂಗಿಲ್ಲ ಅಷ್ಟೆ ಅಂತೀವಿ. ನಮ್ಮ ಈ ಮಾತನ್ನೇ ಸರ್ಕಾರವೂ ನಮ್ಮ ಮೇಲೆ ತಿರುಗಿಸಿ ಹೇಳುತ್ತದೆ. ಅದನ್ನೇ ಇವತ್ತು ಬಿಡಿಸಿ ನೋಡಬೇಕು ಅಂತ ವಳಕಮದಿನ್ನಿಯಲ್ಲಿ ಕೂತು ಈ ನಾಲ್ಕು ಮಾತು ಬರೀತಿದೀನಿ. ಸಿಂಧನೂರು, ಲಿಂಗಸುಗೂರು, 2018ರಿಂದ ತಾಲೂಕಾದ ಮಸ್ಕಿ, ಈ ಮೂರರ ನಡುವಿನ ಸೀಮೆ ನಮ್ಮದು. ದಿನ್ನಿ ಅಂದರೆ ದಿಬ್ಬ. ಹೆಸರಿನ ಕೊನೆಗೆ ದಿನ್ನಿ ಇರುವ ಊರು ರಾಯಚೂರು ಜಿಲ್ಲೆಯಲ್ಲಿ ಬಹಳ. ದಿಬ್ಬ ಯಾರ ಪಾಲಿಗೆ, ತಗ್ಗು ಯಾರ ಪಾಲಿಗೆ ಅಂತ ಕೇರಿಯಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಿಲ್ಲ.

ನಮ್ಮ ಸೋದರಮಾವನ ಊರಿನ ಮಾತು ಹೇಳ್ತೀನಿ. ಊರಿನ ಹೆಸರು ಬೇಡ, ಪಂಚಾಯತಿ ಹೆಸರೂ ಬೇಡ. ಮೂವರು ಅಣ್ಣತಮ್ಮಂದಿರು, ಮೂವರಿಗೂ ಮದುವೆಯಾಗಿದೆ. ಅಜ್ಜ ಕಟ್ಟಿದ ಮಣ್ಣಿನ ಮಾಳಿಗೆ ಒಂದೇ. ನಡುವೆ ಹಗ್ಗ ಕಟ್ಟಿ ಹಳೇ ಸೀರೆ ಇಳಿಬಿಟ್ಟಿದ್ದಾರೆ. ಸೀರೆಯ ಈ ಕಡೆ ಒಂದು ಸಂಸಾರ, ಆ ಕಡೆ ಒಂದು. ಮೂರನೆಯವರು ಅಂಗಳದಲ್ಲಿ ತಗಡಿನ ಕೆಳಗೆ. ಮಾವ ಮನೆಗೆ ಅರ್ಜಿ ಕೊಟ್ಟ. ಆಫೀಸಿನಲ್ಲಿ ನಡೆದ ಮಾತು ಇದು, ನಾನೂ ಜೊತೆಗಿದ್ದೆ:

"ಅರ್ಜಿ ಕೊಟ್ಟಿ ಖರೆ, ಜಾಗ ಎಲ್ಲೈತಿ?"

"ಜಾಗ ಇದ್ರ ನಿಮ್ಮ ಹತ್ರ ಯಾಕ ಬರ್ತಿದ್ನಿರೀ ಸಾಹೇಬ್ರ."

"ಜಾಗ ಇಲ್ಲದವರಿಗೆ ಮನಿ ಬರಂಗಿಲ್ಲ. ನಿವೇಶನದ ಅರ್ಜಿ ಬ್ಯಾರೆ ಕೊಡು."

ಮರು ವರ್ಷ ನಿವೇಶನದ ಅರ್ಜಿ ಕೊಟ್ಟ. ಆಗ ಬಂದ ಉತ್ತರ: "ನಿಂಗ ಮನಿ ಐತಲ್ಲ, ರೇಷನ್ ಕಾರ್ಡಿನ್ಯಾಗ ಮನಿ ನಂಬರ್ ಐತಿ. ಮನಿ ಇದ್ದವರಿಗೆ ನಿವೇಶನ ಹೆಂಗ ಕೊಡೋದು?"

ಜಾಗ ಇಲ್ಲ ಅಂತ ಮನೆ ಇಲ್ಲ. ಮನೆ ಇದೆ ಅಂತ ಜಾಗ ಇಲ್ಲ. ಮಾವ ಹೊರಗೆ ಬಂದು ಬೀಡಿ ಹಚ್ಚಿಕೊಂಡು ನಕ್ಕ. ಆ ನಗು ನನಗೆ ಇನ್ನೂ ಕಿವಿಯಲ್ಲಿದೆ.

ಇದು ಒಬ್ಬ ಗುಮಾಸ್ತನ ಕೆಟ್ಟತನ ಅಂತ ತಿಳಿದರೆ ತಪ್ಪಾಗುತ್ತೆ. ಲೆಕ್ಕದ ಕ್ರಮವೇ ಹಾಗಿದೆ. ಜನಗಣತಿಯಲ್ಲಿ 'ವಸತಿರಹಿತ' ಅಂದರೆ ರಸ್ತೆ ಬದಿ, ಫುಟ್‌ಪಾತು, ಸೇತುವೆ ಕೆಳಗೆ, ರೈಲ್ವೆ ಪ್ಲಾಟ್‌ಫಾರಂ, ಗುಡಿ ಮಂಟಪ, ದೊಡ್ಡ ಪೈಪಿನೊಳಗೆ ಮಲಗುವವನು ಮಾತ್ರ. ಅವರನ್ನು ಎಣಿಸುವುದು ಒಂದೇ ರಾತ್ರಿ. 2011ರಲ್ಲಿ ಅದು ಫೆಬ್ರುವರಿ 28ರ ರಾತ್ರಿ. ಆವತ್ತು ಇಡೀ ದೇಶದಲ್ಲಿ ಸಿಕ್ಕವರು ಸುಮಾರು 17.7 ಲಕ್ಷ ಜನ, ಕರ್ನಾಟಕದಲ್ಲಿ ಸುಮಾರು 76 ಸಾವಿರ. ಸೀರೆ ಕಟ್ಟಿ ಮೂರು ಸಂಸಾರ ಮಾಡುವ ನಮ್ಮ ಮಾವ ಆ ಲೆಕ್ಕದಲ್ಲಿ ಇಲ್ಲ. ಶಾಲೆ ಕಟ್ಟೆ ಮೇಲೆ ಮಲಗುವ ನೀವೂ ಇಲ್ಲ, ಯಾಕಂದರೆ ಫೆಬ್ರುವರಿಯಲ್ಲಿ ನೀವು ಹಾಸ್ಟೆಲಿನಲ್ಲಿದ್ದಿರಿ. ಮುಂದಿನ ಜನಗಣತಿಗೂ 2027ರ ಮಾರ್ಚ್ 1ನ್ನೇ ಗೊತ್ತುಮಾಡಿದ್ದಾರೆ. ನಮ್ಮ ಸೀಮೆಯ ಕೇರಿ, ತಾಂಡಾಗಳ ಬಾಗಿಲಿಗೆ ಮುಳ್ಳು ಬಡಿದು ಜನ ಬೆಂಗಳೂರು, ಪುಣೆ, ಹೈದರಾಬಾದು ಸೇರಿರುವ ಕಾಲ ಅದು.

ಎಣಿಕೆಯಲ್ಲಿ ಇಲ್ಲದವನಿಗೆ ಯೋಜನೆಯಲ್ಲೂ ಜಾಗವಿಲ್ಲ.

ಯೋಜನೆಗಳಿಗೇನೂ ಬರ ಇಲ್ಲ. ಅರಸು ಕಾಲದ ಜನತಾ ಮನೆ. 1985ರಲ್ಲಿ ದೆಹಲಿಯಿಂದ ಇಂದಿರಾ ಆವಾಸ್, ಅದು ಶುರುವಾದದ್ದೇ ಪರಿಶಿಷ್ಟರಿಗೆ ಮತ್ತು ಜೀತಮುಕ್ತರಿಗೆ ಅಂತ. 1991-92ರಲ್ಲಿ ಆಶ್ರಯ. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. 2010ರಲ್ಲಿ ಬಸವ ವಸತಿ. ಆಮೇಲೆ ದೇವರಾಜ ಅರಸು ವಸತಿ, ಅಂಬೇಡ್ಕರ್ ನಿವಾಸ. 2016ರಲ್ಲಿ ಇಂದಿರಾ ಹೋಗಿ ಪ್ರಧಾನಮಂತ್ರಿ ಬಂದರು. ಹೆಸರು ಬದಲಾದ ಹಾಗೆ ಫಲಕದ ಬಣ್ಣವೂ ಬದಲಾಗುತ್ತೆ. ಇವುಗಳಿಂದ ನಮ್ಮ ಜನಕ್ಕೆ ಏನೂ ಸಿಕ್ಕಿಲ್ಲ ಅಂದರೆ ಸುಳ್ಳಾಗುತ್ತದೆ. ಕೇರಿಯಲ್ಲಿ ಇವತ್ತು ಸಿಮೆಂಟಿನ ಛತ್ತು ಕಾಣೋದು ಇವುಗಳಿಂದಲೇ. ಹೆಂಗಸರ ಹೆಸರಿಗೆ ಮನೆ ಮಾಡಿದ್ದು ಒಳ್ಳೆಯ ಕೆಲಸ. ಆದರೆ ಛತ್ತು ಬಿದ್ದದ್ದು ಯಾರಿಗೆ? ಮೊದಲೇ ಅಂಗೈಯಗಲ ಜಾಗ ಇದ್ದವರಿಗೆ, ಮತ್ತು ಕಂತು ಬರೋ ತನಕ ಸಾಲ ತಂದು ಬುನಾದಿ ಎಬ್ಬಿಸುವ ತಾಕತ್ತು ಇದ್ದವರಿಗೆ.

ಕಂತಿನ ಕಥೆ ನೋಡಿ. ರಾಜ್ಯದ ಯೋಜನೆಗಳಲ್ಲಿ ಕೆಲಸ ಆದಷ್ಟಕ್ಕೆ ದುಡ್ಡು. ಬುನಾದಿ ಆಯ್ತಾ, ಫೋಟೊ. ಲಿಂಟಲ್ ಆಯ್ತಾ, ಫೋಟೊ. ಛತ್ತು, ಮತ್ತೆ ಫೋಟೊ. ಫೋಟೊ ಹೊಡೆಯುವ ದಿನ ಮನೆಯವಳು ಬೆಂಗಳೂರಿನಲ್ಲಿ ಗಾರೆ ಹೊರುತ್ತಿದ್ದರೆ ಕಡತ ಅಲ್ಲೇ ನಿಲ್ಲುತ್ತೆ. ಕೇಂದ್ರ 2016ರಲ್ಲಿ ಬಯಲು ಸೀಮೆಗೆ ಗೊತ್ತುಮಾಡಿದ್ದು 1 ಲಕ್ಷ 20 ಸಾವಿರ ರೂಪಾಯಿ. 2024ರಲ್ಲಿ ಯೋಜನೆಯನ್ನು ಇನ್ನೂ ಐದು ವರ್ಷ ಮುಂದೂಡಿದಾಗಲೂ ಅದೇ 1 ಲಕ್ಷ 20 ಸಾವಿರ. ರಾಜ್ಯ ಪರಿಶಿಷ್ಟರಿಗೆ ಒಂದಿಷ್ಟು ಸೇರಿಸುತ್ತದೆ, ಸರಿ. ಎಂಟು ವರ್ಷದಲ್ಲಿ ಮರಳು, ಕಬ್ಬಿಣ, ಸಿಮೆಂಟಿನ ದರ ಎಲ್ಲಿ ಹೋಯ್ತು ಅಂತ ಗಾರೆ ಕೆಲಸಕ್ಕೆ ಹೋಗುವ ನಿಮ್ಮ ಅಪ್ಪನನ್ನೇ ಕೇಳಿ. ಊರವರ ಮನೆ ಕಟ್ಟುವವರು ನಾವೇ ಅಲ್ಲವೆ, ದರ ನಮಗೇ ಚೆನ್ನಾಗಿ ಗೊತ್ತು.

ಈಗ ಪಂಚಾಯತಿಯ ಯೋಜನೆ ಅಂದರೆ ಏನು? ಮೇಲಿನಿಂದ ಒಂದು ಅಂಕಿ ಬರುತ್ತದೆ, ಅದಕ್ಕೆ 'ಗುರಿ' ಅಂತ ಹೆಸರು. ಈ ವರ್ಷ ನಿಮ್ಮ ಪಂಚಾಯತಿಗೆ ಇಷ್ಟು ಮನೆ. ಆ ಅಂಕಿಗೆ ಸರಿಹೊಂದುವಷ್ಟು ಹೆಸರು ಆರಿಸಿ ಮೇಲಕ್ಕೆ ಕಳಿಸಿದರೆ ಕೆಲಸ ಮುಗೀತು. ಹೆಸರುಗಳು ಯಾರ ಜಗಲಿಯ ಮೇಲೆ ತಯಾರಾಗ್ತವೆ ಅಂತ ನಿಮಗೆ ಗೊತ್ತಿರುವುದೇ. ಇದನ್ನು ಹಂಚಿಕೆ ಅನ್ನಬಹುದು, ಯೋಜನೆ ಅನ್ನೋದಕ್ಕೆ ಬರೋದಿಲ್ಲ. ಯೋಜನೆ ಅಂದರೆ ಈ ಊರಿನಲ್ಲಿ ಇವತ್ತು ರಾತ್ರಿ ಯಾರಿಗೆ ಸೂರಿಲ್ಲ, ಬರುವ ಮಳೆಗಾಲಕ್ಕೆ ಯಾರ ಗೋಡೆ ಬೀಳುತ್ತೆ, ಮುಂದಿನ ಐದು ವರ್ಷದಲ್ಲಿ ಎಷ್ಟು ಹುಡುಗರಿಗೆ ಮದುವೆಯಾಗಿ ಬೇರೆ ಒಲೆ ಬೇಕಾಗುತ್ತೆ ಅಂತ ಮೊದಲೇ ಬರೆದಿಟ್ಟುಕೊಳ್ಳುವುದು. ಈ ಪುಸ್ತಕ ನಿಮ್ಮ ಪಂಚಾಯತಿಯಲ್ಲಿ ಇದೆಯೆ? ಕೇಳಿ ನೋಡಿ. ನಲ್ಲಿ ಎಷ್ಟು, ಬೀದಿದೀಪ ಎಷ್ಟು ಅಂತ ಲೆಕ್ಕ ಸಿಗುತ್ತದೆ, ಸೂರಿಲ್ಲದವರದು ಸಿಗೋದು ಕಷ್ಟ.

ಅಧಿಕಾರ ಇಲ್ಲ ಅಂತ ಹೇಳೋ ಹಾಗಿಲ್ಲ. ಸಂವಿಧಾನದ 73ನೇ ತಿದ್ದುಪಡಿ ತಂದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳಿವೆ, 10ನೆಯದು ಗ್ರಾಮೀಣ ವಸತಿ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾನೂನು ಗ್ರಾಮಠಾಣಾದೊಳಗೆ ನಿವೇಶನ ಹಂಚುವುದನ್ನೂ ಮನೆ-ನಿವೇಶನಗಳ ದಾಖಲೆ ಇಡುವುದನ್ನೂ ಗ್ರಾಮ ಪಂಚಾಯತಿಯ ಕೆಲಸ ಅಂತಲೇ ಹೇಳಿದೆ. ಫಲಾನುಭವಿಗಳನ್ನು ಗುರುತಿಸಬೇಕಾದ್ದು ವಾರ್ಡ್ ಸಭೆ, ಗ್ರಾಮಸಭೆ. ಆ ಸಭೆಗೆ ಹಾಜರಾದವರಲ್ಲಿ ನೂರಕ್ಕೆ ಮೂವತ್ತು ಹೆಂಗಸರಿರಬೇಕು, ಪರಿಶಿಷ್ಟರು ಊರಿನ ಜನಸಂಖ್ಯೆಗೆ ತಕ್ಕಷ್ಟು ಇರಬೇಕು ಅಂತಲೂ ಕಾನೂನಿದೆ. ನಡೆಯುವುದು ಹೇಗೆ? ಡಂಗುರ ಊರ ಅಗಸಿಯಲ್ಲಿ ಬಾರಿಸುತ್ತಾರೆ, ಕೇರಿಗೆ ಕೇಳಿಸೋದಿಲ್ಲ. ಹಾಜರಿ ಪುಸ್ತಕವನ್ನು ಮಾತ್ರ ಮರುದಿನ ಕೇರಿಗೆ ತಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗ್ತಾರೆ.

ಇನ್ನು ಜಾಗದ ಮಾತು. ಎಲ್ಲದರ ಗಂಟು ಇಲ್ಲಿದೆ. ಕೇರಿ ಯಾಕೆ ಬೆಳೆಯೋದಿಲ್ಲ? ಮೂರು ಕಡೆ ಗೌಡರ ಹೊಲ, ಒಂದು ಕಡೆ ಹಳ್ಳ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಹೊಲ ಗದ್ದೆಯಾಯ್ತು, ಗುಂಟೆಗೆ ಬಂಗಾರದ ಬೆಲೆ ಬಂತು. ನೀರು ಹರಿದಲ್ಲಿ ಭತ್ತ ಬೆಳೀತು, ಕೇರಿ ಇದ್ದಲ್ಲೇ ಉಳೀತು. ಅಜ್ಜನ ಕಾಲದ ಇಪ್ಪತ್ತು ಮನೆಯ ಜಾಗದಲ್ಲೇ ಮೊಮ್ಮಕ್ಕಳ ಎಂಬತ್ತು ಒಲೆ ಉರಿಯಬೇಕು. ಕೇಂದ್ರದ ಯೋಜನೆಯ ಮನೆಗೆ ಕನಿಷ್ಠ 25 ಚದರ ಮೀಟರು ಬೇಕು, ಸುಮಾರು 270 ಚದರಡಿ. ಕೇರಿಯಲ್ಲಿ ಅಷ್ಟು ಅಳತೆ ಹಿಡಿದರೆ ಟೇಪು ಪಕ್ಕದ ಮನೆಯ ಒಲೆಯೊಳಗೆ ಹೋಗುತ್ತೆ.

ಬಾಬಾಸಾಹೇಬರು ಇದನ್ನು ಯಾವತ್ತೋ ಕಂಡಿದ್ದರು. 1942ರಲ್ಲಿ ನಾಗಪುರದ ಸಮ್ಮೇಳನದಲ್ಲಿ ಪರಿಶಿಷ್ಟರಿಗೆ ಪ್ರತ್ಯೇಕ ಹಳ್ಳಿಗಳು ಬೇಕೆಂಬ ಠರಾವು ಆಯಿತು. 1947ರಲ್ಲಿ ಅವರು ಪ್ರಕಟಿಸಿದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಮನವಿಯಲ್ಲಿ ಅದಕ್ಕೊಂದು ಸೆಟಲ್‌ಮೆಂಟ್ ಕಮಿಷನ್ ಬೇಕು, ಸಾಗುವಳಿಯಾಗದ ಸರ್ಕಾರಿ ಜಮೀನನ್ನು ಅದರ ಕೈಗೆ ಕೊಡಬೇಕು ಅಂತ ಕೇಳಿದ್ದರು. ಮನೆಯ ಪ್ರಶ್ನೆಯನ್ನು ಅವರು ನಾಲ್ಕು ಗೋಡೆಯ ಪ್ರಶ್ನೆ ಅಂತ ನೋಡಲಿಲ್ಲ, ನೆಲದ ಪ್ರಶ್ನೆ ಅಂತ ನೋಡಿದರು. ನಾವು ಭೂಮಿ ಬೇಕು ಅಂತ ಘೋಷಣೆ ಹಾಕಿದೆವು, ಮನೆ ಬೇಕು ಅಂತ ಅರ್ಜಿ ಹಾಕಿದೆವು. ಎರಡನ್ನೂ ಜೋಡಿಸಿ ಕೇಳಿದ್ದು ಕಡಿಮೆ.

ಇದು ಆಗದ ಮಾತು ಅನ್ನುವವರು ಸಿಂಧನೂರಿಗೆ ಹೋಗಿ ಬರಲಿ. ಅಲ್ಲಿ ಆರ್.ಎಚ್. ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದ ಬಂಗಾಳಿ ನಿರಾಶ್ರಿತರನ್ನು 1960ರ ದಶಕದ ಕೊನೆ, 70ರ ದಶಕದ ಮೊದಲಲ್ಲಿ ಸರ್ಕಾರ ತಂದು ನೆಲೆಗೊಳಿಸಿದ ಜಾಗ. ಜಮೀನು ಗುರುತಿಸಿದರು, ಅಳೆದರು, ಊರು ಕಟ್ಟಿದರು, ಉಳೋದಕ್ಕೆ ನೆಲ ಕೊಟ್ಟರು. ಇದೇ ತಾಲೂಕಿನಲ್ಲಿ, ಇದೇ ಕಂದಾಯ ಇಲಾಖೆಯ ಕೈಯಲ್ಲಿ. ನಾನು ಅವರ ಮೇಲೆ ಹೊಟ್ಟೆಕಿಚ್ಚಿನಿಂದ ಹೇಳ್ತಿಲ್ಲ, ಹಾಗೆ ಯಾರಾದರೂ ಎತ್ತಿಕಟ್ಟಲು ಬಂದರೆ ಕಿವಿಗೊಡಬೇಡಿ. ಅವರಲ್ಲಿ ಹೆಚ್ಚಿನವರು ನಾಮಶೂದ್ರರು, ನಮ್ಮ ಹಾಗೆ ತುಳಿಸಿಕೊಂಡವರೇ. 1946ರಲ್ಲಿ ಬಾಬಾಸಾಹೇಬರು ಬಂಗಾಳದಿಂದ ಸಂವಿಧಾನ ಸಭೆಗೆ ಆರಿಸಿ ಬಂದದ್ದು ಅದೇ ಸಮುದಾಯದ ಜೋಗೇಂದ್ರನಾಥ ಮಂಡಲರ ಬೆಂಬಲದಿಂದ. ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ, ಕರ್ನಾಟಕದಲ್ಲಿ ಆ ಪಟ್ಟಿಗೆ ಸೇರಿಸಿ ಅಂತ ಕೇಳುತ್ತಲೇ ಬಂದಿದ್ದಾರೆ. ನಾನು ಹೇಳೋದು ಇಷ್ಟೆ: ಸರ್ಕಾರಕ್ಕೆ ಮನಸ್ಸಾದರೆ ಜಮೀನು ಸಿಗುತ್ತದೆ. 'ಸರ್ಕಾರಿ ಜಾಗ ಇಲ್ಲ' ಅನ್ನೋದು ನಮ್ಮ ಅರ್ಜಿಗೆ ಮಾತ್ರ ಬರುವ ಉತ್ತರ. ಜಾಗ ಇಲ್ಲದಿದ್ದರೆ ಕೊಂಡು ಕೊಡಲಿ. ಗೈರಾಣವನ್ನು ಯಾರು ಯಾರು ಉಳ್ತಿದ್ದಾರೆ ಅಂತ ಮೊದಲು ಅಳೆದು ನೋಡಲಿ.

ಹಕ್ಕುಪತ್ರದ ವಿಷಯವನ್ನೂ ಹೇಳಿಬಿಡ್ತೀನಿ. 2017ರಲ್ಲಿ ಕಾನೂನು ತಿದ್ದಿ ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಕ್ಯಾಂಪುಗಳನ್ನು ಕಂದಾಯ ಗ್ರಾಮ ಮಾಡುವುದಕ್ಕೆ ದಾರಿ ಮಾಡಿದರು. 2025ರ ಮೇ 20ರಂದು ಹೊಸಪೇಟೆಯ ಸಮಾವೇಶದಲ್ಲಿ 1,11,111 ಹಕ್ಕುಪತ್ರ ಕೊಟ್ಟೆವು ಅಂತ ಸರ್ಕಾರ ಹೇಳಿತು. ಒಳ್ಳೇದಾಯ್ತು. ತಲೆಮಾರಿನಿಂದ ಕೂತ ಜಾಗದಿಂದ ಒಕ್ಕಲೆಬ್ಬಿಸುವ ಭಯ ತಪ್ಪುತ್ತೆ, ಇದೂ ಮನೆ ಕಳೆದುಕೊಳ್ಳದ ಹಾಗೆ ತಡೆಯುವ ಕೆಲಸವೇ. ಆದರೆ ಹಕ್ಕುಪತ್ರ ಸಿಗೋದು ಮೊದಲೇ ಒಂದು ಗುಡಿಸಲು ಹಾಕಿಕೊಂಡವನಿಗೆ. ಹಾಕಿಕೊಳ್ಳಲೂ ನೆಲವಿಲ್ಲದವನ ಹೆಸರು ಯಾವ ಪತ್ರದಲ್ಲೂ ಬರೋದಿಲ್ಲ.

ನಮ್ಮಲ್ಲಿ ಗೋಡೆ ಬಿದ್ದ ಮೇಲೆ ಪಂಚನಾಮೆ ಮಾಡ್ತಾರೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ನೆನಪಿದ್ದವರು ಮನೆಯಲ್ಲಿ ಹೇಳಿಯಾರು. ನದಿ ಬಂದಲ್ಲಿ ಊರೇ ಮುಳುಗಿತು, ನದಿ ಬಾರದಲ್ಲೂ ಮಣ್ಣಿನ ಮಾಳಿಗೆ ನೆನೆದು ಕುಸಿದವು. 'ಆಸರೆ' ಅಂತ ಹೊಸ ಊರುಗಳನ್ನು ಕಟ್ಟಿದರು, ದಾನಿಗಳು ಬಂದರು, ಫಲಕ ನಿಂತವು. ಆದರೆ ಕುಸಿಯುವ ಗೋಡೆ ಯಾವುದು ಅಂತ ಮೇ ತಿಂಗಳಲ್ಲೇ ಎಲ್ಲರಿಗೂ ಗೊತ್ತಿರುತ್ತೆ. ಗೋಡೆ ಬಿರುಕು ಬಿಟ್ಟದ್ದು, ಜಂತಿಗೆ ಗೆದ್ದಲು ಹಿಡಿದದ್ದು ಕಣ್ಣಿಗೆ ಕಾಣುತ್ತೆ. ಮಳೆಗೆ ಮೊದಲು ಒಂದು ತೊಲೆ, ನಾಲ್ಕು ತಗಡು ಕೊಟ್ಟರೆ ಉಳಿಯುವ ಮನೆಗೆ, ಬಿದ್ದು ಹೆಣ ತೆಗೆದ ಮೇಲೆ ಪರಿಹಾರ.

ಬೇರೆ ಕಡೆ ಹೇಗೆ ಅಂತ ಕೇಳುವ ಗೆಳೆಯರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ 2002ರ ಕಾನೂನಿನಂತೆ ಪ್ರತಿಯೊಂದು ಸ್ಥಳೀಯ ವಸತಿ ಸಂಸ್ಥೆ ತನ್ನ ಊರಲ್ಲಿ ಮನೆಯಿಲ್ಲದವರ ಸ್ಥಿತಿ ಏನು ಅಂತ ತಪಾಸಣೆ ಮಾಡಿ, ಕನಿಷ್ಠ ಐದು ವರ್ಷಕ್ಕೊಮ್ಮೆ ಯೋಜನೆ ಬರೆದು ಪ್ರಕಟಿಸಲೇಬೇಕು. 2017ರ ಇನ್ನೊಂದು ಕಾನೂನು, 56 ದಿನದೊಳಗೆ ಮನೆ ಕಳೆದುಕೊಳ್ಳುವ ಸ್ಥಿತಿಯಲ್ಲಿ ಇರುವವನಿಗೂ ನೆರವಾಗಬೇಕು ಅನ್ನುತ್ತದೆ. ಅಂದರೆ ಬೀದಿಗೆ ಬೀಳುವ ತನಕ ಕಾಯುವ ಹಾಗಿಲ್ಲ. ಹಾಗಂತ ಲಂಡನ್ನಿನಲ್ಲಿ ಬೀದಿಯಲ್ಲಿ ಮಲಗುವವರು ಇಲ್ಲ ಅಂತಲ್ಲ, ಬೇಕಾದಷ್ಟು ಇದ್ದಾರೆ. ಆದರೆ ಬರೆದಿಡಬೇಕು ಎಂಬ ಕಾನೂನು ಇದ್ದರೆ, ಬರೆದಿಲ್ಲ ಯಾಕೆ ಅಂತ ಕೇಳೋದಕ್ಕಾದರೂ ಬರುತ್ತದೆ.

ಊರಿನ ಸೂರು ತಪ್ಪಿದವರು ಬೆಂಗಳೂರಿನಲ್ಲಿ ಏನಾಗ್ತಾರೆ ನೋಡಿ. ನೀಲಿ ತಾಡಪಾಲಿನ ಶೆಡ್ಡು. ನೆಲಕ್ಕೆ ಬಾಡಿಗೆ, ನೀರಿಗೆ ದುಡ್ಡು. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಇಂಥ ಶೆಡ್ಡುಗಳನ್ನು ಜೆಸಿಬಿ ತಂದು ಕೆಡವಿದರು. ಕಾರಣ, ಅವರೆಲ್ಲ ಬಾಂಗ್ಲಾದೇಶದವರಂತೆ. ಆಚೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು, ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ನಿಂತಿದ್ದರು. ಹೈಕೋರ್ಟು ನಡುವೆ ಬರಬೇಕಾಯಿತು. ಊರಲ್ಲಿ ಮನೆ ಉಂಟು ಅಂತ ಪಟ್ಟಿಯಿಂದ ಹೊರಗೆ, ನಗರದಲ್ಲಿ ನಮ್ಮವರೇ ಅಲ್ಲ ಅಂತ ಶೆಡ್ಡಿನಿಂದ ಹೊರಗೆ.

ನಮ್ಮವರ ಮಾತನ್ನೂ ಆಡದೆ ಬಿಟ್ಟರೆ ತಪ್ಪಾಗುತ್ತೆ. ಮೀಸಲು ಸೀಟಿನಲ್ಲಿ ಗೆದ್ದ ನಮ್ಮ ಸದಸ್ಯರು ಎಷ್ಟು ಜನ ಗೌಡರ ಕಾರಿನಲ್ಲಿ ಹೋಗಿ ಗೌಡರು ತೋರಿಸಿದಲ್ಲಿ ಸಹಿ ಹಾಕಿ ಬರ್ತಾರೆ? ಒಂದೇ ಮನೆತನಕ್ಕೆ ಎರಡು ಮೂರು ಬಿಲ್ಲು ಆಗಿ, ಕೇರಿಯ ಕೊನೆಯ ಗುಡಿಸಲಿನ ದೇವದಾಸಿ ಮುದುಕಿಗೆ ಒಂದೂ ಇಲ್ಲದ್ದನ್ನು ನಾವು ನೋಡಿಲ್ಲವೆ? ಗಂಡನ ಹೆಸರು ಏನು ಅಂತ ಅವಳನ್ನು ಕೇಳಿ ನಕ್ಕವರಲ್ಲಿ ನಮ್ಮ ಹುಡುಗರೂ ಇದ್ದರು. ಮಾದಿಗರ ಕೇರಿ ಬೇರೆ, ಹೊಲೆಯರ ಕೇರಿ ಬೇರೆ ಅಂತ ಪಟ್ಟಿಗಾಗಿ ಕಚ್ಚಾಡಿದರೆ ನಗೋರು ಯಾರು?

ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನೂರು ಪುಟದ ಒಂದು ನೋಟ್‌ಬುಕ್ಕು ತಗೊಳ್ಳಿ. ಕೇರಿಯಲ್ಲಿ ಮನೆ ಎಷ್ಟು ಅಂತ ಎಣಿಸಬೇಡಿ, ಒಲೆ ಎಷ್ಟು ಅಂತ ಎಣಿಸಿ. ಒಂದು ಮಾಳಿಗೆಯ ಕೆಳಗೆ ಮೂರು ಒಲೆ ಇದ್ದರೆ ಮೂರು ಸಾಲು ಬರೀರಿ. ಗುಳೆ ಹೋದವರ ಹೆಸರನ್ನು ಅಕ್ಕಪಕ್ಕದವರಿಂದ ಕೇಳಿ ಬರೀರಿ, ಎಲ್ಲಿಗೆ ಹೋದರು, ಯಾವಾಗ ಬರ್ತಾರೆ ಅಂತ. ಬಿರುಕು ಬಿಟ್ಟ ಗೋಡೆ ಯಾರದು, ಬರೀರಿ. ಗಂಡನಿಲ್ಲದವರು, ದೇವದಾಸಿಯರು, ನಡೆಯಲಾಗದ ಮುದುಕರು ಮೊದಲ ಪುಟಗಳಲ್ಲಿರಲಿ. ರಜೆಯಲ್ಲಿ ನೀವು ಮಲಗಿದ್ದು ಎಲ್ಲಿ ಅಂತ ನಿಮ್ಮ ಹೆಸರನ್ನೂ ಬರೀರಿ, ನಾಚಿಕೆ ಬೇಡ. ಊರ ಸುತ್ತ ಸರ್ಕಾರಿ ಗೈರಾಣ ಎಷ್ಟು ಎಕರೆ, ಸರ್ವೆ ನಂಬರು ಏನು ಅಂತ ಗ್ರಾಮ ಆಡಳಿತಾಧಿಕಾರಿಗಳ ಹತ್ತಿರ ಕೇಳಿ. ಬಾಯಿಮಾತಿನಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಬಿಪಿಎಲ್ ಕಾರ್ಡಿದ್ದರೆ ಅದಕ್ಕೆ ಫೀಸೂ ಇಲ್ಲ.

ಆ ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಎದ್ದು ನಿಂತು ಓದಿ. ಓದೋದಕ್ಕೆ ಬಿಡದಿದ್ದರೆ ಠರಾವು ಪುಸ್ತಕದಲ್ಲಿ ಬರೆಸಿ ಅಂತ ಪಟ್ಟು ಹಿಡಿಯಿರಿ. ಒಬ್ಬರೇ ಹೋಗಬೇಡಿ, ಅವ್ವಂದಿರನ್ನು ಕರಕೊಂಡು ಹೋಗಿ, ಅವರ ಬಾಯಿಗೆ ಪಿಡಿಒ ಉತ್ತರ ಕೊಡಲೇಬೇಕು. ಎರಡು ಪ್ರತಿ ಮಾಡಿ, ಒಂದನ್ನು ಆಫೀಸಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಆ ಪ್ರತಿಯನ್ನು ಹಾಸ್ಟೆಲು ತೆರೆದ ಮೇಲೆ ನಡೆಯುವ ಮೊದಲ ಸಭೆಗೆ ತನ್ನಿ. ಯಾವ ಯಾವ ಊರಿನ ಪಟ್ಟಿ ಬಂತು, ಯಾವ ಊರಿನದು ಬರಲಿಲ್ಲ ಅಂತ ಅಲ್ಲೇ ಓದೋಣ.